ಹಿಮಾಲಯದ ಮೊದಲ ಚಾರಣ: ತುದಿ ಎಷ್ಟು ಎತ್ತರ ಅನ್ನುವ ಮೊದಲು ರಾತ್ರಿ ಎಲ್ಲಿ ಮಲಗುತ್ತೀರಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹಿಮಾಲಯದ ಚಾರಣದ ಬಗ್ಗೆ ಕೇಳಿದವರೇ ಜಾಸ್ತಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಐದಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು, ಎಲ್ಲರೂ ಮೂವತ್ತರೊಳಗಿನವರು. ಕುಮಾರ ಪರ್ವತ, ಕುದುರೆಮುಖ, ತಡಿಯಂಡಮೋಳ್ ಎಲ್ಲ ಆಗಿದೆ. ಹಿಮಾಲಯ ಮಾತ್ರ ಇದೇ ಮೊದಲು. ಹಂಪ್ತಾ ಪಾಸ್ ಒಳ್ಳೆಯದಾ, ಕೇದಾರಕಂಠವಾ? ಒಂದು ವಾರ ರಜೆ ಸಿಗುತ್ತದೆ. ಶನಿವಾರ ರಾತ್ರಿ ದೆಹಲಿಯಿಂದ ಮನಾಲಿ ಬಸ್ ಹತ್ತಿ, ಭಾನುವಾರವೇ ಹಂಪ್ತಾ ಚಾರಣ ಶುರು ಮಾಡುವ ಯೋಚನೆ ಇದೆ.
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಕಾಲುಗಳ ಬಗ್ಗೆ ನನಗೆ ಚಿಂತೆ ಇಲ್ಲ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ 1,500 ಮೀಟರ್‌ಗೂ ಹೆಚ್ಚು ಏರಬೇಕು. ನೀವು ಕೇಳಿರುವ ಎರಡು ದಾರಿಗಳಲ್ಲೂ ಒಂದು ದಿನಕ್ಕೆ ಅಷ್ಟು ಏರಿಕೆ ಇಲ್ಲ. ಆದರೆ ಕುಮಾರ ಪರ್ವತದ ತುದಿ ಇರುವುದು 1,712 ಮೀಟರ್‌ನಲ್ಲಿ. ಅಲ್ಲಿ ಗಾಳಿ ತೆಳುವಾಗಿದ್ದು ಮೈಗೆ ಗೊತ್ತೇ ಆಗುವುದಿಲ್ಲ. ಹಂಪ್ತಾ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ಕಣಿವೆದಾರಿ, ಸುಮಾರು 4,270 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಶೇ 60ರಷ್ಟು ಮಾತ್ರ. ಅದಕ್ಕೆ ಹೊಂದಿಕೊಳ್ಳಲು ಮೈಗೆ ದಿನಗಳು ಬೇಕು. ಪಶ್ಚಿಮ ಘಟ್ಟದಲ್ಲಿ ಎಷ್ಟೇ ಹತ್ತಿದ್ದರೂ ಆ ದಿನಗಳನ್ನು ಉಳಿಸಲು ಆಗುವುದಿಲ್ಲ.

ಯಾವ ದಾರಿಯನ್ನೇ ನೋಡುತ್ತಿದ್ದರೂ ಮೊದಲು ಒಂದು ಹಾಳೆ ತಗೊಂಡು ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ಸಾಲಾಗಿ ಬರೆಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲಲ್ಲಿ ಇನ್ನೂ ಮೇಲೆ ಹೋಗಿ ಬಂದರೆ ಪರವಾಗಿಲ್ಲ, ಕೆಳಗೆ ಬಂದು ಮಲಗಿದರಾಯಿತು.

ಈಗ ನಿಮ್ಮ ಯೋಜನೆಯನ್ನೇ ಬರೆದು ನೋಡಿ. ಬೆಂಗಳೂರು 920 ಮೀಟರ್. ಶನಿವಾರ ರಾತ್ರಿ ಬಸ್ಸಿನಲ್ಲಿ ಅರೆನಿದ್ದೆ. ಭಾನುವಾರ ಬೆಳಗ್ಗೆ 2,050 ಮೀಟರ್‌ನ ಮನಾಲಿಯಲ್ಲಿ ಇಳಿದು, ಜೀಪಿನಲ್ಲಿ ಜೋಬ್ರಾ ತಲುಪಿ, ರಾತ್ರಿಗೆ ಚಿಕಾದಲ್ಲಿ ಸುಮಾರು 3,100 ಮೀಟರ್. ಸೋಮವಾರ ಬಾಲು ಕಾ ಘೇರಾದಲ್ಲಿ 3,600. ಮಂಗಳವಾರ ಪಾಸ್ ದಾಟಿ ಶಿಯಾ ಗೋರುವಿನಲ್ಲಿ ಸುಮಾರು 3,900. ಸೋಮವಾರ, ಮಂಗಳವಾರದ ಏರಿಕೆ ಮೇಲೆ ಹೇಳಿದ ಲೆಕ್ಕದೊಳಗೇ ಇದೆ. ತೊಂದರೆ ಇರುವುದು ಭಾನುವಾರದಲ್ಲಿ. ನಿದ್ದೆ ಇಲ್ಲದ ಮೈಯನ್ನು ನೇರವಾಗಿ 3,100ಕ್ಕೆ ಒಯ್ದರೆ ಬಾಲು ಕಾ ಘೇರಾದಲ್ಲಿ ತಲೆನೋವು, ವಾಕರಿಕೆ ಶುರುವಾಗಬಹುದು. ಮಾರನೇ ದಿನವೇ ಇಡೀ ಚಾರಣದ ಉದ್ದದ ದಿನ.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ: ಕೈಕೊಟ್ಟರೆ ಇಳಿಯುವ ದಾರಿ ಯಾವುದು? ಹಂಪ್ತಾದಲ್ಲಿ ಪಾಸ್ ದಾಟಿದ ಮೇಲೆ ಹಿಂದೆ ಬರಬೇಕೆಂದರೆ ಮತ್ತೆ 4,270ಕ್ಕೆ ಏರಬೇಕು. ಮುಂದೆ ಛತ್ರುವಿಗೆ ಇಳಿಯುವುದೊಂದೇ ದಾರಿ, ಅದಕ್ಕೆ ಶಿಯಾ ಗೋರುವಿನ ಹಿಮನೀರಿನ ಹಳ್ಳ ದಾಟಬೇಕು. ಬೆಳಗ್ಗೆ ನೀರು ಕಡಿಮೆ. ಬಿಸಿಲೇರಿ ಮೇಲಿನ ಹಿಮ ಕರಗಿದ ಮೇಲೆ ಮಧ್ಯಾಹ್ನಕ್ಕೆ ಅದೇ ಹಳ್ಳ ಉಕ್ಕುತ್ತದೆ. ಹುಷಾರಿಲ್ಲದವರನ್ನು ಕರೆದುಕೊಂಡು ಅದನ್ನು ದಾಟಿಸುವುದು ಸುಲಭದ ಕೆಲಸ ಅಲ್ಲ.

ಉತ್ತರಾಖಂಡದ ಕೇದಾರಕಂಠ ಶಿಖರದಲ್ಲಿ ಲೆಕ್ಕ ಬೇರೆ. ಡೆಹ್ರಾಡೂನ್‌ನಿಂದ ಇಡೀ ದಿನದ ರಸ್ತೆ ಪ್ರಯಾಣ ಮಾಡಿ ಸಾಂಕ್ರಿ ತಲುಪುತ್ತೀರಿ, ಅದು ಸುಮಾರು 1,950 ಮೀಟರ್. ಅಲ್ಲಿ ಒಂದು ರಾತ್ರಿ ಹಾಸಿಗೆಯ ಮೇಲೆ ನಿದ್ದೆ. ಮರುದಿನ ಜುಡಾ ಕಾ ತಾಲಾಬ್ ಹತ್ತಿರ ಸುಮಾರು 2,800. ಆಮೇಲೆ ಬೇಸ್ ಕ್ಯಾಂಪ್ 3,400. ತುದಿ 3,800 ಮೀಟರ್‌ನಷ್ಟಿದ್ದರೂ ಅಲ್ಲಿ ಮಲಗುವುದಿಲ್ಲ. ಬೆಳಗಿನ ಜಾವ ಹತ್ತಿ ಅವತ್ತೇ ಕೆಳಗಿಳಿಯುತ್ತೀರಿ. ದಾರಿಯ ಯಾವ ಜಾಗದಿಂದಲಾದರೂ ಒಂದು ದಿನದೊಳಗೆ ಸಾಂಕ್ರಿಯ ರಸ್ತೆಗೆ ಬರಬಹುದು.

ಒಂದೇ ವಾರ ಇದ್ದರೆ ಕೇದಾರಕಂಠಕ್ಕೇ ಹೋಗಿ. ಆದರೆ ಕ್ರಿಸ್‌ಮಸ್-ಹೊಸವರ್ಷದ ವಾರ ಬೇಡ. ಆಗ ತುದಿಯ ಹತ್ತಿರದ ಕಡಿದಾದ ಹಿಮದ ದಾರಿಯಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ನಡೆಯುತ್ತಿದ್ದರೆ ತಡೆಯುವ ಚಳಿ, ನಿಂತರೆ ತಡೆಯುವುದಿಲ್ಲ. ಮಾರ್ಚ್‌ನಲ್ಲಿ ಹೋದರೆ ಮೇಲೆ ಹಿಮವೂ ಸಾಮಾನ್ಯವಾಗಿ ಇರುತ್ತದೆ, ಜನವೂ ಕಡಿಮೆ. ಹಂಪ್ತಾ ಆಸೆ ಬಿಡಬೇಡಿ. ಇತ್ತ ಕುಲ್ಲು ಕಡೆಯ ಹಸಿರು, ಪಾಸ್ ದಾಟಿದ ಕೂಡಲೇ ಅತ್ತ ಲಾಹೌಲ್‌ನ ಬೋಳು ಬೆಟ್ಟ. ಒಂದೇ ದಿನದಲ್ಲಿ ಎರಡೂ ನೋಡುವುದು ದೊಡ್ಡ ಭಾಗ್ಯ. ಹತ್ತು ದಿನ ರಜೆ ಸಿಕ್ಕಾಗ, ಮನಾಲಿಯಲ್ಲಿ ಎರಡು ರಾತ್ರಿ ಉಳಿದು, ಸೆಪ್ಟೆಂಬರ್‌ನಲ್ಲಿ ಹೋಗಿ.

ಪ್ರಶ್ನೆ: ನನಗೆ 46 ವರ್ಷ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡುತ್ತೇನೆ. ಮೂರು ತಿಂಗಳ ನಂತರ ಹೂವಿನ ಕಣಿವೆಗೆ ಹೋಗುವ ಆಸೆ. ತಯಾರಿ ಹೇಗೆ?
— ಶಿಕ್ಷಕಿ, ಮೈಸೂರು

ಉತ್ತರ: ಮೂರು ತಿಂಗಳು ಧಾರಾಳ ಸಾಕು. ಮನೆ ಹತ್ತಿರವೇ ಚಾಮುಂಡಿ ಬೆಟ್ಟ ಇರುವುದು ನಿಮ್ಮ ಅದೃಷ್ಟ.

ಮೊದಲ ತಿಂಗಳು ವಾಕಿಂಗ್ ಹೊತ್ತನ್ನು ಒಂದು ಗಂಟೆಗೆ ತನ್ನಿ. ವಾರಕ್ಕೊಮ್ಮೆ ಬೆಟ್ಟದ ಮೆಟ್ಟಿಲು ಹತ್ತಿ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇರಲಿ. ಎರಡನೇ ತಿಂಗಳಿಂದ ವಾರಕ್ಕೆ ಎರಡು ಸಲ. ಮೂರನೇ ತಿಂಗಳು ಬೆನ್ನಿಗೆ ಐದಾರು ಕಿಲೋ ತೂಕದ ಬ್ಯಾಗ್ ಹಾಕಿಕೊಳ್ಳಿ. ಬ್ಯಾಗಿನಲ್ಲಿ ನೀರಿನ ಬಾಟಲಿ ಇಟ್ಟರೆ ಒಳ್ಳೆಯದು, ಸುಸ್ತಾದರೆ ಚೆಲ್ಲಿ ಹಗುರ ಮಾಡಬಹುದು. ಕೊನೆಯ ವಾರ ಹಗುರವಾಗಿ ನಡೆದು ಸುಮ್ನೆ ವಿಶ್ರಾಂತಿ ತಗೊಳ್ಳಿ.

ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಇಳಿದು ಬರುವವರು ಬಹಳ ಜನ ಇದ್ದಾರೆ. ನೀವು ಹಾಗೆ ಮಾಡಬೇಡಿ. ಚಾರಣದಲ್ಲಿ ಮಂಡಿ ಕೈಕೊಡುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಆ ಕೆಲಸಕ್ಕೆ ಅದನ್ನು ಇಳಿದೇ ಪಳಗಿಸಬೇಕು. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಪಾದ ಸದ್ದಾಗದಂತೆ ಕೂರಲಿ. ಮಂಡಿನೋವು ಈಗಲೇ ಇದ್ದರೆ ಮೂಳೆ ವೈದ್ಯರಿಗೆ ತೋರಿಸಿ ಶುರು ಮಾಡಿ. ಹೊಸ ಶೂ ಕೊಳ್ಳುವುದಾದರೆ ಈಗಲೇ ಕೊಂಡು ಇದೇ ಮೆಟ್ಟಿಲ ಮೇಲೆ ಸವೆಸಿ. ಇಳಿಯುವಾಗ ಹೆಬ್ಬೆರಳು ಶೂ ತುದಿಗೆ ತಾಗಿದರೆ ಆ ಅಳತೆ ಚಿಕ್ಕದು.

ಹೂವಿನ ಕಣಿವೆ ನಿಮಗೆ ಒಳ್ಳೆಯ ಆಯ್ಕೆ. ಒಳಗೆ ಟೆಂಟ್ ಹಾಕಲು ಅವಕಾಶ ಇಲ್ಲ, ಎಲ್ಲರೂ ಸುಮಾರು 3,050 ಮೀಟರ್‌ನ ಘಾಂಘ್ರಿಯಾದಲ್ಲೇ ಮಲಗಬೇಕು. ಹೂವು ತುಂಬಿರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅದು ಮಳೆಗಾಲವೂ ಹೌದು. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, ಹಾಗಾಗಿ ಎರಡು ದಿನ ಹೆಚ್ಚುವರಿ ಇಟ್ಟುಕೊಂಡು ಟಿಕೆಟ್ ಮಾಡಿಸಿ. ಹತ್ತಿರದ ಸಿಖ್ ಯಾತ್ರಾಸ್ಥಳ ಹೇಮಕುಂಡಕ್ಕೂ ಹೋಗುವುದಾದರೆ ಮೊದಲ ದಿನ ಕಣಿವೆ, ಎರಡನೇ ದಿನ ಹೇಮಕುಂಡ. ಅದು 4,000 ಮೀಟರ್‌ಗಿಂತ ಮೇಲಿದೆ, ಏರು ಕಡಿದು.

ಪ್ರಶ್ನೆ: ಡಯಾಮಾಕ್ಸ್ ಮಾತ್ರೆ ತಗೊಂಡರೆ ಎತ್ತರದ ಕಾಯಿಲೆ ಬರುವುದಿಲ್ಲ ಅಂತಾರೆ, ನಿಜವಾ? ನನಗೆ ಬಿಪಿ ಮಾತ್ರೆ ನಡೆಯುತ್ತಿದೆ.
— ವ್ಯಾಪಾರಿ, ದಾವಣಗೆರೆ

ಉತ್ತರ: ಬರುವ ಸಾಧ್ಯತೆ ಕಡಿಮೆ ಆಗುತ್ತದೆ, ಬರುವುದೇ ಇಲ್ಲ ಅಂತ ಅಲ್ಲ. ಅಸೆಟಜೋಲಮೈಡ್ ಅನ್ನುವ ಈ ಔಷಧ ಮೂತ್ರಪಿಂಡದ ಮೂಲಕ ಬೈಕಾರ್ಬೊನೇಟ್ ಹೊರಹಾಕಿಸುತ್ತದೆ. ಅದರಿಂದ ರಕ್ತ ತುಸು ಆಮ್ಲೀಯವಾಗಿ ಉಸಿರಾಟ ಹೆಚ್ಚುತ್ತದೆ. ಮೈ ತಾನಾಗಿ ದಿನಗಟ್ಟಲೆ ತಗೊಂಡು ಮಾಡುವ ಕೆಲಸವನ್ನು ಇದು ಬೇಗ ಮಾಡಿಸುತ್ತದೆ, ಅಷ್ಟೇ. ತಡೆಗಟ್ಟಲು ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಹಜ.

ನಿಮ್ಮ ವಿಷಯದಲ್ಲಿ ಮಾತ್ರ ನಿಮ್ಮ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನುಂಗಬೇಡಿ. ಕೆಲವು ಬಿಪಿ ಮಾತ್ರೆಗಳೂ ಮೂತ್ರ ಹೆಚ್ಚಿಸುವಂಥವು. ಎರಡೂ ಸೇರಿದರೆ ಪೊಟ್ಯಾಸಿಯಂ ಇಳಿಯಬಹುದು. ಎತ್ತರದಲ್ಲಿ ಮೊದಲ ಕೆಲವು ದಿನ ಬಿಪಿ ತಾನಾಗಿಯೇ ಏರುವುದೂ ಉಂಟು. ಸಲ್ಫಾ ಔಷಧಕ್ಕೆ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಬಿಪಿ ಇರುವುದನ್ನು ಚಾರಣದ ಫಾರಂನಲ್ಲಿ ಮುಚ್ಚಿಡಬೇಡಿ. ನಾಯಕರಿಗೆ ಗೊತ್ತಿದ್ದರೆ ನಿಮಗೇ ಒಳ್ಳೆಯದು.

ಮಾತ್ರೆಗಿಂತ ಮುಖ್ಯವಾದದ್ದು ಲಕ್ಷಣ ಗುರುತಿಸುವುದು. ತಲೆನೋವು, ಊಟ ಸೇರದಿರುವುದು, ವಾಕರಿಕೆ, ಸುಸ್ತು ಇದ್ದರೆ ಮೇಲೆ ಹೋಗಬೇಡಿ. ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಇಳಿಯಿರಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎತ್ತರದಿಂದ ಮಿದುಳು ಊದಿಕೊಂಡಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಟೆಂಟಿನ ಮುಂದೆಯೇ ಮಾಡಬಹುದು. ಕೋಲಿನಿಂದ ನೆಲದ ಮೇಲೆ ನೇರ ಗೆರೆ ಎಳೆಯಿರಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಯಲು ಹೇಳಿ. ಓಲಾಡಿ ಗೆರೆ ಬಿಟ್ಟರೆ, ಇಲ್ಲವೇ ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯೇ ಆಗಿರಲಿ, ಜೊತೆಗೆ ಇಬ್ಬರು ಹೋಗಿ ಇಳಿಸಲೇಬೇಕು.

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಎರಡು ಪ್ಯಾಕೇಜ್ ಸಿಕ್ಕಿವೆ. ಒಂದರಲ್ಲಿ ಎರಡು ದಿನ ಕಡಿಮೆ, ದುಡ್ಡೂ ಕಡಿಮೆ. ಅದನ್ನೇ ಆರಿಸಬಹುದಾ?
— ಉಡುಪಿಯವರು, ಈಗ ದುಬೈನಲ್ಲಿ

ಉತ್ತರ: ಬೇಡ. ವಿಮಾನ ಇಳಿದು ನಡಿಗೆ ಶುರು ಮಾಡುವ ಲುಕ್ಲಾ 2,860 ಮೀಟರ್, ನಾಮ್ಚೆ 3,440, ಡಿಂಗ್‌ಬೋಚೆ 4,410, ಗೋರಕ್‌ಶೆಪ್ 5,164, ಬೇಸ್ ಕ್ಯಾಂಪ್ 5,364. ಈ ದಾರಿಯಲ್ಲಿ ನಾಮ್ಚೆಯಲ್ಲಿ ಎರಡು ರಾತ್ರಿ, ಡಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಇರಲೇಬೇಕು. ಅಗ್ಗದ ಪ್ಯಾಕೇಜಿನಲ್ಲಿ ಕತ್ತರಿ ಬೀಳುವುದು ಸಾಮಾನ್ಯವಾಗಿ ಇವಕ್ಕೇ. ದುಬೈ ಸಮುದ್ರ ಮಟ್ಟದಲ್ಲಿದೆ, ನಿಮಗಂತೂ ಆ ದಿನಗಳು ಇನ್ನೂ ಅಗತ್ಯ. ಲುಕ್ಲಾದ ವಿಮಾನಗಳು ಮೋಡ ಮುಸುಕಿದರೆ ಹಾರುವುದಿಲ್ಲ. ವಾಪಸ್ ಟಿಕೆಟಿಗೆ ಎರಡು ದಿನ ಬಿಡಿ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ ನೋಡಿ.

ಪ್ರಶ್ನೆ: ಮಗಳಿಗೆ 24. ಗೆಳತಿಯರ ಜೊತೆ ಉತ್ತರಾಖಂಡಕ್ಕೆ ಚಾರಣ ಹೋಗುತ್ತೇನೆ ಅನ್ನುತ್ತಾಳೆ. ಸಹಸ್ರತಾಲ್‌ನಲ್ಲಿ ನಮ್ಮವರಿಗೆ ಆದದ್ದು ನೆನಪಾದರೆ ಎದೆ ನಡುಗುತ್ತದೆ. ಬೇಡ ಅನ್ನಲೂ ಮನಸ್ಸಿಲ್ಲ. ಕರೆದುಕೊಂಡು ಹೋಗುವವರನ್ನು ಏನು ಕೇಳಬೇಕು?
— ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯಿಂದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಅದರಲ್ಲಿ ಹೆಚ್ಚಿನವರು ಕರ್ನಾಟಕದವರು. 9 ಜನ ತೀರಿಕೊಂಡರು. ಅವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳೂ ಇದ್ದರು. ಆ ಮನೆಗಳ ನೋವು ನೆನೆದೇ ಈ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಲೆಕ್ಕದಲ್ಲಿ ಜೂನ್ ಅಂದರೆ ಅಲ್ಲಿ ಬೇಸಿಗೆ. ಆದರೆ 4,000 ಮೀಟರ್ ಮೇಲೆ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. ಪ್ರತಿ ಸಾವಿರ ಮೀಟರ್‌ಗೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಅದರ ಮೇಲೆ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಮೈ ಬಿಸಿ ಬೇಗ ಸೋರಿಹೋಗುತ್ತದೆ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಾಕೆಟ್ಟಿನ ಜಿಪ್ ಎಳೆಯಲು, ಶೂ ಲೇಸ್ ಕಟ್ಟಲು ಆಗುವುದಿಲ್ಲ. ಆಮೇಲೆ ಮಾತು ತಡವರಿಸುತ್ತದೆ. ನಡುಕ ನಿಂತರೆ ಸುಧಾರಿಸಿತು ಅಂದುಕೊಳ್ಳಬಾರದು, ಸ್ಥಿತಿ ಕೈಮೀರುತ್ತಿದೆ ಅಂತ ಅರ್ಥ. ಆದ್ದರಿಂದ ಮಗಳ ಬ್ಯಾಗಿನಲ್ಲಿ ಹತ್ತಿ ಬಟ್ಟೆ, ಜೀನ್ಸ್ ಬೇಡ. ಒಂದು ಜೊತೆ ಒಣ ಉಣ್ಣೆಯ ಬಟ್ಟೆ, ಇನ್ನೊಂದು ಜೊತೆ ಕೈಗವಸು, ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸದಾ ಬೆನ್ನಿನ ಬ್ಯಾಗಿನಲ್ಲೇ ಇರಲಿ. ಹೇಸರಗತ್ತೆಯ ಮೇಲೆ ಹೋದ ಬ್ಯಾಗು ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಸಂಘಟಕರನ್ನು ಕೇಳಬೇಕಾದ್ದು ಇಷ್ಟು. ಎಷ್ಟು ಜನಕ್ಕೆ ಎಷ್ಟು ಗೈಡ್? ಅವರಲ್ಲಿ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಪಡೆದವರು ಯಾರು? ಉತ್ತರಕಾಶಿಯಲ್ಲೇ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ, ತರಬೇತಿ ಪಡೆದವರು ಆ ಭಾಗದಲ್ಲಿ ಸಿಗುತ್ತಾರೆ. ಆಮ್ಲಜನಕದ ಸಿಲಿಂಡರ್ ಪ್ರತಿ ಕ್ಯಾಂಪಿಗೂ ಜೊತೆಗೆ ಬರುತ್ತದಾ, ಇಲ್ಲ ಕೆಳಗಿನ ಊರಿನಲ್ಲೇ ಇರುತ್ತದಾ? ಹವಾಮಾನದ ಮಾಹಿತಿ ಮೇಲೆ ಹೇಗೆ ತಿಳಿಯುತ್ತದೆ? ಅರಣ್ಯ ಇಲಾಖೆಯ ಅನುಮತಿ ಆಗಿದೆಯಾ? ಒಬ್ಬರಿಗೆ ಹುಷಾರಿಲ್ಲದಿದ್ದರೆ ಅವರ ಜೊತೆ ಇಳಿಯುವವರು ಯಾರು, ಆಗ ಉಳಿದವರ ಜೊತೆ ಯಾರಿರುತ್ತಾರೆ?

ಇದನ್ನೂ ಕೇಳಿ: ಕಳೆದ ಋತುವಿನಲ್ಲಿ ಹವಾಮಾನ ಕೆಟ್ಟು ತಂಡವನ್ನು ವಾಪಸ್ ಕರೆತಂದದ್ದು ಯಾವಾಗ, ಯಾವ ಜಾಗದಿಂದ? ಜಾಗದ ಹೆಸರು ಹೇಳಿ ವಿವರಿಸುವವರನ್ನು ನಾನು ನಂಬುತ್ತೇನೆ. ‘ನಾವು ಯಾವತ್ತೂ ತುದಿ ಮುಟ್ಟಿಸದೆ ಕರೆತಂದಿಲ್ಲ’ ಅನ್ನುವವರ ಜೊತೆ ಮಗಳನ್ನು ಕಳಿಸಬೇಡಿ.

ಹೊರಡುವ ಮೊದಲು ಅವಳಿಂದ ಒಂದು ಹಾಳೆ ಬರೆಸಿಟ್ಟುಕೊಳ್ಳಿ. ಪ್ರತಿ ರಾತ್ರಿಯ ಕ್ಯಾಂಪಿನ ಹೆಸರು, ರಸ್ತೆಗೆ ಮರಳುವ ದಿನ, ಸಂಘಟಕರ ಮತ್ತು ಬೇಸ್ ಹಳ್ಳಿಯಲ್ಲಿರುವವರ ಫೋನ್ ನಂಬರ್ ಅದರಲ್ಲಿರಲಿ. ಮೇಲೆ ನಾಲ್ಕೈದು ದಿನ ನೆಟ್‌ವರ್ಕ್ ಇರುವುದಿಲ್ಲ, ಅಷ್ಟಕ್ಕೇ ಗಾಬರಿ ಆಗಬೇಡಿ. ಮರಳುವ ದಿನ ಸಂಜೆ ದಾಟಿದರೂ ಫೋನ್ ಬರಲಿಲ್ಲ ಅಂದರೆ ಮೊದಲು ಸಂಘಟಕರಿಗೆ ಮಾಡಿ. ಅವರಿಂದ ಸರಿಯಾದ ಉತ್ತರ ಸಿಗದಿದ್ದರೆ ತಡಮಾಡದೆ ಆ ಜಿಲ್ಲೆಯ ವಿಪತ್ತು ನಿರ್ವಹಣಾ ಕಚೇರಿಗೆ ಕರೆ ಮಾಡಿ, ಹಾಳೆ ನೋಡಿಕೊಂಡು ಕ್ಯಾಂಪುಗಳ ಹೆಸರು ಹೇಳಿ. ಆ ಕಚೇರಿಯ ನಂಬರನ್ನೂ ಈಗಲೇ ಹುಡುಕಿ ಅದೇ ಹಾಳೆಯಲ್ಲಿ ಬರೆದಿಡಿ.