ಸ್ಟೀವ್ ಜಾಬ್ಸ್ ಓದಿದ ಹೋಮ್‌ಸ್ಟೆಡ್ ಹೈಸ್ಕೂಲ್ ಎಂಥ ಶಾಲೆ? ದುಬಾರಿ ಖಾಸಗಿ ಶಾಲೆಯೇ?

ಅಲ್ಲ, ಇದು ಸರ್ಕಾರಿ ಶಾಲೆ. ಫೀಸು ಇಲ್ಲ. ಮನೆ ಯಾವ ಏರಿಯಾದಲ್ಲಿದೆ ಅನ್ನೋದರ ಮೇಲೆ ಸೀಟು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿ 1962ರಲ್ಲಿ ಶುರುವಾಯಿತು. ಆಗ ಸುತ್ತಲೂ ಹಣ್ಣಿನ ತೋಟಗಳಿದ್ದವು. ಅವುಗಳ ಜಾಗದಲ್ಲಿ ಒಂದೊಂದಾಗಿ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬರುತ್ತಿದ್ದವು.

ಶಾಲೆಯ ಜೀವ ಇದ್ದಿದ್ದು ಜಾನ್ ಮೆಕಾಲಮ್ ಮೇಷ್ಟ್ರ ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ. 1968ರಲ್ಲಿ ಪಾಸಾದ, ಮುಂದೆ ಜಾಬ್ಸ್ ಜೊತೆ ಸೇರಿ ಆ್ಯಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಅವರ ಶಿಷ್ಯ. ಶಾಲೆಯಲ್ಲಿ ಕಲಿಸೋಕೆ ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ, ಮೇಷ್ಟ್ರು ಆ ಹುಡುಗನನ್ನು ಸಿಲ್ವೇನಿಯಾ ಅನ್ನೋ ಎಲೆಕ್ಟ್ರಾನಿಕ್ಸ್ ಕಂಪನಿಗೆ ಕಳಿಸಿ ಅಲ್ಲಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯೋ ಅವಕಾಶ ಮಾಡಿಕೊಟ್ಟರು. ಎಂಥ ದೊಡ್ಡ ಮನಸ್ಸು, ಅಲ್ವಾ! ಇದೇ ವೋಜ್ನಿಯಾಕ್ ಒಮ್ಮೆ ಲಾಕರಿನೊಳಗೆ ಟಿಕ್ ಟಿಕ್ ಅನ್ನೋ ಯಂತ್ರ ಇಟ್ಟ. ಅದನ್ನು ಬಾಂಬು ಅಂದುಕೊಂಡ ಪ್ರಿನ್ಸಿಪಾಲರು ಎದೆಗವಚಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಓಡಿದರು. ಹುಡುಗ ಒಂದು ರಾತ್ರಿ ಬಾಲಾಪರಾಧಿಗಳ ಕೇಂದ್ರದಲ್ಲಿ ಕಳೆಯಬೇಕಾಯಿತು. ಜಾಬ್ಸ್ 1972ರಲ್ಲಿ ಪಾಸಾದರು. ಮೆಕಾಲಮ್ ಕ್ಲಾಸಿನಲ್ಲಿ ಅವರು ಉಳಿದದ್ದು ಒಂದೇ ವರ್ಷ.

ಆಟದ ತಂಡಗಳಿಗೆ ಮಸ್ಟ್ಯಾಂಗ್ಸ್ ಅಂತ ಹೆಸರು, ಬಣ್ಣ ಹಸಿರು-ಬಿಳಿ. ಮಾರ್ಚಿಂಗ್ ಬ್ಯಾಂಡ್ ಇದೆ. ಮಕ್ಕಳೇ ನಡೆಸುವ ‘ದಿ ಎಪಿಟಾಫ್’ ಪತ್ರಿಕೆ ನನಗೆ ಜಾಸ್ತಿ ಇಷ್ಟ. ಕುಪರ್ಟಿನೋ ಸೇರಿದಂತೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮನೆ ಹುಡುಕುವ ನಮ್ಮ ಕನ್ನಡಿಗರು ಮೊದಲು ಶಾಲೆಯ ಗಡಿ ನೋಡೋದು ಸುಮ್ನೆ ಅಲ್ಲ.