ಬೀಗ ಬಿದ್ದ ಮೇಲೆ ಹೋಗಿದ್ದೆಲ್ಲಿಗೆ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಹೋದ ತಿಂಗಳ ಸಂಚಿಕೆಯಲ್ಲಿ 2008ರ ಅಮೆರಿಕದ ಮನೆಸಾಲದ ಕುಸಿತದ ಬಗ್ಗೆ ಓದಿದೆ. ಬ್ಯಾಂಕುಗಳ ಕತೆ ಬಂತು, ಲೇಮನ್ ಬ್ರದರ್ಸ್ ಕತೆ ಬಂತು, ಷೇರುಪೇಟೆ ಕತೆ ಬಂತು. ಮನೆ ಕಳೆದುಕೊಂಡವರು ಮಾತ್ರ ಎಲ್ಲೂ ಕಾಣಲಿಲ್ಲ. ನಮ್ಮ ವಾಕಿಂಗ್ ಗೆಳೆಯರನ್ನು ಕೇಳಿದರೆ 'ಎಲ್ಲ ಬೀದಿಗೆ ಬಂದರು' ಅನ್ನುತ್ತಾರೆ. ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಸಾಲ ವಸೂಲಿಗೂ ಹೋಗಿದ್ದೇನೆ. ಅಷ್ಟು ಜನ ಬೀದಿಗೆ ಬಂದಿದ್ದರೆ ಅಮೆರಿಕದ ಬೀದಿಗಳು ಸಾಲುತ್ತಿರಲಿಲ್ಲ. ಅವರೆಲ್ಲ ಹೋಗಿದ್ದೆಲ್ಲಿಗೆ? ಇನ್ನೊಂದು, ಬೀಗದ ಕೈ ಬ್ಯಾಂಕಿಗೆ ಕೊಟ್ಟು ಸುಮ್ನೆ ಎದ್ದು ಹೋದರೆ ಸಾಲ ತೀರಿಬಿಡುತ್ತಾ? ನಮ್ಮಲ್ಲಿ ಹಾಗೆ ಬಿಡುತ್ತೇವಾ?"

ಸಂಪಾದಕರ ಉತ್ತರ:

ನಿಮ್ಮ ಲೆಕ್ಕ ಸರಿ, ಬೀದಿಗಳು ಸಾಲುತ್ತಿರಲಿಲ್ಲ. 2007ರಿಂದ 2010ರ ಒಳಗೇ ಅಲ್ಲಿ ಸುಮಾರು 38 ಲಕ್ಷ ಮನೆಗಳು ಜಪ್ತಿಯಾದವು. ಲಾಭಕ್ಕೆ ಮಾರೋಣ ಅಂತ ಕೊಂಡಿಟ್ಟ ಖಾಲಿ ಮನೆಗಳೂ ಅದರಲ್ಲಿದ್ದವು. ಅವನ್ನು ಬಿಟ್ಟು ಎಣಿಸಿದರೂ ಜನರ ಸಂಖ್ಯೆ ಬಹಳ ದೊಡ್ಡದು. ಆದರೆ ಅಲ್ಲಿನ ಸರ್ಕಾರ ಪ್ರತಿ ಜನವರಿಯಲ್ಲಿ ಒಂದು ರಾತ್ರಿ ಸೂರಿಲ್ಲದವರನ್ನು ಎಣಿಸುತ್ತದಲ್ಲ, ಆ ಸಂಖ್ಯೆ ಆ ನಾಲ್ಕೂ ವರ್ಷ ಆರೂವರೆ ಲಕ್ಷದ ಆಸುಪಾಸಿನಲ್ಲೇ ಇತ್ತು. ಮನೆ ಹೋದವರೆಲ್ಲ ಫುಟ್‌ಪಾತಿಗೆ ಬಂದಿದ್ದರೆ ಅದು ಹತ್ತಾರು ಪಟ್ಟು ಏರಬೇಕಿತ್ತು, ಅಲ್ವಾ?

ನಿಜ ಹೇಳಬೇಕೆಂದರೆ ತುಂಬಾ ಜನ ಎಲ್ಲಿಗೂ ಹೋಗಲಿಲ್ಲ, ತಕ್ಷಣಕ್ಕಂತೂ ಇಲ್ಲ. ಜಪ್ತಿಯ ಕಾನೂನು ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ ಬ್ಯಾಂಕು ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ನೋಟಿಸ್ ಕೊಟ್ಟ ಮೇಲೆ ನಾಲ್ಕು ತಿಂಗಳಲ್ಲಿ ಹರಾಜು ಮುಗಿಸಬಹುದು. ಫ್ಲಾರಿಡಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಕೋರ್ಟೇ ಆಗಬೇಕು. ಅಲ್ಲಿ ಫೈಲುಗಳು ಹೇಗೆ ರಾಶಿ ಬಿದ್ದವೆಂದರೆ, ಒಂದು ಕೇಸು ಮುಗಿಯಲು ಎರಡು ವರ್ಷವೂ ಸಾಲದಾಯಿತು. ಅದರ ಮೇಲೆ 2010ರಲ್ಲಿ ಇನ್ನೊಂದು ಹಗರಣ ಹೊರಬಿತ್ತು. ಬ್ಯಾಂಕುಗಳ ನೌಕರರು ಓದಿಯೂ ನೋಡದೆ ಸಾವಿರಗಟ್ಟಲೆ ಜಪ್ತಿ ಪ್ರಮಾಣಪತ್ರಗಳಿಗೆ ಸಹಿ ಗೀಚಿದ್ದರು. ಕೆಲವು ಬ್ಯಾಂಕುಗಳು ಜಪ್ತಿಯನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 2,500 ಕೋಟಿ ಡಾಲರಿನ ರಾಜಿಗೆ ಒಪ್ಪಿದವು. ಇಷ್ಟೂ ದಿನ ಎಷ್ಟೋ ಕುಟುಂಬಗಳು ಕಂತು ಕಟ್ಟದೆ ಅದೇ ಮನೆಯಲ್ಲಿದ್ದವು. ಉಳಿದ ದುಡ್ಡನ್ನು ಮುಂದಿನ ಬಾಡಿಗೆ ಮನೆಗೆ ಅಡ್ವಾನ್ಸ್ ಮಾಡಿಕೊಂಡವರೂ ಇದ್ದರು. ಒಬ್ಬ ಬ್ಯಾಂಕ್ ನೌಕರರಾಗಿ ನಿಮಗೆ ಇದು ಮೋಸ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ಕೊನೆಗೆ ಬ್ಯಾಂಕಿನ ಏಜೆಂಟು ಬಾಗಿಲು ತಟ್ಟುತ್ತಿದ್ದ. ಕೈಯಲ್ಲಿ ಒಂದು ಕರಾರು ಇರುತ್ತಿತ್ತು. ಇಂಥ ತಾರೀಕಿಗೆ ಮನೆ ಖಾಲಿ ಮಾಡಿ, ಗುಡಿಸಿ ಕೊಡಿ, ಒಲೆ ಮತ್ತು ಬಚ್ಚಲ ನಲ್ಲಿ ಕಿತ್ತುಕೊಂಡು ಹೋಗಬೇಡಿ, ಬೀಗದ ಕೈ ಕೈಗೆ ಬಂದರೆ ಇಷ್ಟು ಡಾಲರ್ ಕೊಡುತ್ತೇವೆ. ಪೊಲೀಸರನ್ನು ಕರೆಸಿ ಹೊರಹಾಕುವುದಕ್ಕಿಂತ ಬ್ಯಾಂಕಿಗೆ ಅದೇ ಅಗ್ಗ. ಮನೆಯವರಿಗೂ ಲಾರಿ ಬಾಡಿಗೆಗೆ ಆಯಿತು. ಹೀಗಾಗಿ ಸಾಮಾನು ರಸ್ತೆಗೆ ಎಸೆಯುವ ದೃಶ್ಯ ಟಿವಿಯಲ್ಲಿ ಕಂಡಷ್ಟು ಸಾಮಾನ್ಯವಾಗಿರಲಿಲ್ಲ.

ಆಮೇಲೆ? ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞರು ಇದೇ ಪ್ರಶ್ನೆ ಹಿಡಿದು ಕೂತರು. 1999ರಿಂದ 2010ರವರೆಗಿನ ಸಾಲದ ದಾಖಲೆಗಳನ್ನು ತೆಗೆದು, ಜಪ್ತಿಯಾದವರ ವಿಳಾಸ ಎಲ್ಲಿಂದ ಎಲ್ಲಿಗೆ ಬದಲಾಯಿತು ಅಂತ ನೋಡಿದರು. ಜಪ್ತಿಯಾದವರು ಮನೆ ಬದಲಿಸುವುದು ಜಾಸ್ತಿ, ಅದೇನೂ ಆಶ್ಚರ್ಯವಲ್ಲ. ಆದರೆ ಹೆಚ್ಚಿನವರು ಹೋದ ಬಡಾವಣೆ ಮೊದಲಿನದಕ್ಕಿಂತ ತೀರಾ ಕಳಪೆಯೂ ಅಲ್ಲ, ಹೋದ ಮನೆಯಲ್ಲಿ ವಿಪರೀತ ಕಿಕ್ಕಿರಿದೂ ಇರಲಿಲ್ಲ. ಮಕ್ಕಳ ಶಾಲೆ ತಪ್ಪಬಾರದು, ಕೆಲಸ ದೂರವಾಗಬಾರದು ಅಂತ ಅಲ್ಲೇ ಎಲ್ಲೋ ಬಾಡಿಗೆ ಮನೆ ಹಿಡಿದರು. ಫೀನಿಕ್ಸ್, ಲಾಸ್ ವೇಗಸ್‌ನಂಥ ಕಡೆ ಮನೆಗಳಿಗೆ ಬರವಿರಲಿಲ್ಲ. ಬೆಲೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಬೀದಿಗೆ ನಾಲ್ಕು ಮನೆ ಖಾಲಿ. ಬಾಡಿಗೆ ಎಷ್ಟೋ ಸಲ ಹಳೆಯ ಕಂತಿಗಿಂತ ಕಡಿಮೆಗೇ ಸಿಗುತ್ತಿತ್ತು. ಜಪ್ತಿಯ ಕಲೆ ಕ್ರೆಡಿಟ್ ದಾಖಲೆಯಲ್ಲಿ ಏಳು ವರ್ಷ ಇರುತ್ತದೆ, ನಿಜ. ಊರಲ್ಲಿ ಅರ್ಧ ಜನಕ್ಕೆ ಆ ಕಲೆ ಇದ್ದರೆ ಮನೆ ಮಾಲೀಕ ತಾನೇ ಏನು ಮಾಡುತ್ತಾನೆ? ಸ್ವಲ್ಪ ಜಾಸ್ತಿ ಅಡ್ವಾನ್ಸ್ ಇಸಕೊಂಡು ಬೀಗದ ಕೈ ಕೊಡುತ್ತಾನೆ.

ಈ ಮಾಲೀಕ ಯಾರು ಅನ್ನುವುದೇ ನನಗೆ ಇಡೀ ಕತೆಯಲ್ಲಿ ತುಂಬಾ ಕುತೂಹಲದ ಭಾಗ. ಮೊದಮೊದಲು ಚಿಲ್ಲರೆ ಹೂಡಿಕೆದಾರರು. 2012ರ ಹೊತ್ತಿಗೆ ದೊಡ್ಡ ಕುಳಗಳೇ ಬಂದವು. ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಕಂಪನಿ ಇನ್ವಿಟೇಷನ್ ಹೋಮ್ಸ್ ಎಂಬ ಹೆಸರಿನಲ್ಲಿ ಫೀನಿಕ್ಸ್‌ನಿಂದ ಶುರು ಮಾಡಿ, ಹರಾಜಿನ ಮನೆಗಳನ್ನು ಸಾವಿರದ ಲೆಕ್ಕದಲ್ಲಿ ಕೊಂಡಿತು. ಬಣ್ಣ ಹೊಡೆಸಿ ಬಾಡಿಗೆಗೆ ಬಿಟ್ಟಿತು. 2013ರಲ್ಲಿ ಆ ಬಾಡಿಗೆ ಹಣವನ್ನೇ ಕಟ್ಟುಕಟ್ಟಿ ಸುಮಾರು 48 ಕೋಟಿ ಡಾಲರಿನ ಬಾಂಡು ಮಾಡಿ ಮಾರಿದರು. ಮೊದಲು ಜನರ ಕಂತನ್ನು ಬಾಂಡು ಮಾಡಿ ಮಾರಿ ಮುಳುಗಿದ ಪೇಟೆ, ಐದೇ ವರ್ಷದಲ್ಲಿ ಅವರ ಬಾಡಿಗೆಯನ್ನೂ ಹಾಗೇ ಮಾರಿತು! 2017ರಲ್ಲಿ ಇನ್ನೊಂದು ಕಂಪನಿಯೊಂದಿಗೆ ಸೇರಿದ ಮೇಲೆ ಇನ್ವಿಟೇಷನ್ ಹೋಮ್ಸ್ ಕೈಯಲ್ಲಿ 80 ಸಾವಿರಕ್ಕೂ ಹೆಚ್ಚು ಮನೆಗಳಿದ್ದವು. ಅಂದರೆ ಹಿತ್ತಲು, ಗ್ಯಾರೇಜು, ಮುಂದೆ ಹುಲ್ಲುಹಾಸು ಎಲ್ಲ ಮೊದಲಿನ ಹಾಗೇ ಇರುವ ಮನೆಯಲ್ಲಿ ಅದೇ ಥರದ ಕುಟುಂಬ ಇರುತ್ತಿತ್ತು. ನಲ್ಲಿ ಸೋರಿದರೆ ಮಾತ್ರ ಕಂಪನಿಗೆ ಫೋನ್ ಮಾಡಬೇಕು.

ಹಾಗಂತ ಎಲ್ಲರೂ ಇಷ್ಟು ಸುಲಭವಾಗಿ ಪಾರಾದರು ಅಂದುಕೊಳ್ಳಬೇಡಿ. ಮೇಲಿನದು ಸರಾಸರಿ ಮಾತು. ಮನೆಯ ಜೊತೆಗೆ ಕೆಲಸವೂ ಹೋದವರು ಬಾಡಿಗೆ ಎಲ್ಲಿಂದ ತರಬೇಕು? ಅವರು ನೆಂಟರ ಮನೆ ಸೇರಿದರು. ಅಮ್ಮನ ಮನೆ, ಅಣ್ಣನ ಮನೆಯ ಬೇಸ್‌ಮೆಂಟು, ಸ್ನೇಹಿತರ ಹಜಾರ. ಹೀಗೆ ಹಂಚಿಕೊಂಡು ಬದುಕುವ ಮನೆಗಳು 2007ರ ನಂತರದ ಮೂರ್ನಾಲ್ಕು ವರ್ಷದಲ್ಲಿ ಸುಮಾರು 20 ಲಕ್ಷ ಹೆಚ್ಚಾದವು ಅಂತ ಅಲ್ಲಿನ ಜನಗಣತಿ ಇಲಾಖೆ ಹೇಳಿತು. ಕಾಲೇಜು ಮುಗಿಸಿ ಕೆಲಸ ಸಿಗದ ಮಕ್ಕಳೂ ಈ ಲೆಕ್ಕದಲ್ಲಿದ್ದಾರೆ. ನಮಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸದು, ಮೂರು ತಲೆಮಾರು ಒಂದೇ ಸೂರಿನಡಿ ಇದ್ದು ಅಭ್ಯಾಸ. ಹದಿನೆಂಟಕ್ಕೇ ಮನೆ ಬಿಡುವ ರೂಢಿಯ ಊರಲ್ಲಿ, ನಲವತ್ತೈದರ ಮಗ ಹೆಂಡತಿ ಮಕ್ಕಳ ಜೊತೆ ಅಪ್ಪನ ಬಾಗಿಲಿಗೆ ವಾಪಸ್ ಬರುವುದು ಬೇರೆಯೇ ಥರದ ಸಂಕಟ.

ಇಂಥವರನ್ನು ಜನವರಿಯ ರಾತ್ರಿಯ ಎಣಿಕೆ ಹಿಡಿಯುವುದೇ ಇಲ್ಲ. ಹಿಡಿದದ್ದು ಶಾಲೆಗಳು. ಅಲ್ಲಿ ಮೆಕಿನ್ನಿ-ವೆಂಟೊ ಎಂಬ 1987ರ ಕಾನೂನಿದೆ. ಮನೆ ಕಳೆದುಕೊಂಡು ಇನ್ನೊಬ್ಬರ ಮನೆಯಲ್ಲೋ ಮೋಟೆಲ್‌ನಲ್ಲೋ ಇರುವ ಮಗುವನ್ನೂ ಶಾಲೆಯ ಲೆಕ್ಕದಲ್ಲಿ ಸೂರಿಲ್ಲದ ಮಗು ಎಂದೇ ಹಿಡಿಯುತ್ತಾರೆ. ವಿಳಾಸ ಬದಲಾದರೂ ಹಳೇ ಶಾಲೆಯಲ್ಲೇ ಓದುವ ಹಕ್ಕು ಆ ಮಗುವಿಗಿದೆ, ಬಸ್ಸಿನ ವ್ಯವಸ್ಥೆಯೂ ಆಗಬೇಕು. 2006-07ರಲ್ಲಿ ಅಂಥ ಮಕ್ಕಳು ಸುಮಾರು 6.8 ಲಕ್ಷ ಇದ್ದರು. 2010-11ಕ್ಕೆ 10.6 ಲಕ್ಷ ದಾಟಿದರು. ಬಹುಪಾಲು ಮಕ್ಕಳು ಬೇರೆಯವರ ಮನೆಯಲ್ಲಿದ್ದವರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಅಂಕಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಬ್ಯಾಂಕಿಗೆ ಸಿಗದ ವಿಳಾಸ ಶಾಲೆಯ ಹಾಜರಿ ಪುಸ್ತಕದಲ್ಲಿತ್ತು.

ಹಾಗಾದರೆ ಟೆಂಟುಗಳಲ್ಲಿದ್ದವರು ಯಾರು? 2009ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ಅಮೆರಿಕನ್ ನದಿಯ ದಡದ ಟೆಂಟುಗಳ ಚಿತ್ರ ಜಗತ್ತಿನ ತುಂಬ ಓಡಾಡಿತು. ಓಪ್ರಾ ವಿನ್‌ಫ್ರೀ ಅವರ ಟಿವಿ ಕಾರ್ಯಕ್ರಮದಲ್ಲಿ ಬಂದ ಮೇಲೆ ವಿದೇಶಿ ಕ್ಯಾಮೆರಾಗಳೂ ಮುತ್ತಿಕೊಂಡವು. ಮನೆಸಾಲದಲ್ಲಿ ಮುಳುಗಿದ ಮಧ್ಯಮ ವರ್ಗ ಇಲ್ಲಿದೆ ಅಂತ ಎಲ್ಲರೂ ಹುಡುಕಿದರು. ಸಿಕ್ಕವರಲ್ಲಿ ಹೆಚ್ಚಿನವರು ಮನೆ ಸಾಲ ಪಡೆದವರೇ ಅಲ್ಲ. ಕೂಲಿ ತಪ್ಪಿದವರು, ಬಾಡಿಗೆ ಕಟ್ಟಲಾಗದವರು, ಎಷ್ಟೋ ವರ್ಷದಿಂದ ಹಾಗೇ ಬದುಕುತ್ತಿದ್ದವರು. ಆ ಏಪ್ರಿಲ್‌ನಲ್ಲಿ ನಗರಾಡಳಿತ ಅದನ್ನು ತೆರವು ಮಾಡಿಸಿತು.

ಮೂವರು ಕೂರುವ ಸೀಟಿನಲ್ಲಿ ಕಿಟಕಿ ಕಡೆಯವನು ಸ್ವಲ್ಪ ಸರಿದರೆ ಈ ತುದಿಯವನು ಕೆಳಗೆ ಜಾರುತ್ತಾನಲ್ಲ, ನಮ್ಮ ಕೆಂಪು ಬಸ್ಸಿನಲ್ಲಿ? ಆಗಿದ್ದು ಅದೇ. ಸ್ವಂತ ಮನೆಯವರು ಬಾಡಿಗೆ ಮನೆಗೆ ಇಳಿದರು. ಮೊದಲೇ ಬಾಡಿಗೆಗಿದ್ದ ಬಡವರ ಆದಾಯ ಕುಸಿದಿತ್ತು, ಈಗ ಅಗ್ಗದ ಮನೆಗೆ ಪೈಪೋಟಿಯೂ ಹೆಚ್ಚಿತು. ಆದಾಯದ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಸುರಿಯುವ ಅಥವಾ ತೀರಾ ಹಾಳು ಮನೆಯಲ್ಲಿರುವ, ಸರ್ಕಾರದ ನೆರವೂ ಸಿಗದ ಕಡುಬಡ ಕುಟುಂಬಗಳು 2007ರಲ್ಲಿ 59 ಲಕ್ಷ ಇದ್ದದ್ದು 2011ಕ್ಕೆ 85 ಲಕ್ಷದ ಹತ್ತಿರ ಬಂತು. ಮಕ್ಕಳೊಂದಿಗೆ ಆಶ್ರಯ ಕೇಂದ್ರ ಸೇರಿದ ಕುಟುಂಬಗಳು 2007ರಲ್ಲಿ 1.31 ಲಕ್ಷ, 2009ರಲ್ಲಿ 1.70 ಲಕ್ಷ. ಸಾಲದ ಕಂತು ತಪ್ಪಿಸಿದವರು ಒಬ್ಬರು, ಬೀದಿಗೆ ಬಿದ್ದವರು ಬಹುಮಟ್ಟಿಗೆ ಇನ್ನೊಬ್ಬರು. ನಿಮ್ಮ ವಾಕಿಂಗ್ ಗೆಳೆಯರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ.

ಬಾಡಿಗೆದಾರರ ಇನ್ನೊಂದು ಪಾಡು ಕೇಳಿ. ತಿಂಗಳು ತಪ್ಪದೆ ಬಾಡಿಗೆ ಕೊಟ್ಟಿದ್ದಾರೆ. ಮಾಲೀಕ ಬ್ಯಾಂಕಿನ ಕಂತು ಕಟ್ಟಿಲ್ಲ. ಒಂದು ಬೆಳಗ್ಗೆ ಹೊರಹಾಕಲು ಪೊಲೀಸರೇ ಬಂದು ನಿಂತರು. ಶಿಕಾಗೊ ಇರುವ ಕುಕ್ ಕೌಂಟಿಯ ಶೆರೀಫ್ ಟಾಮ್ ಡಾರ್ಟ್ 2008ರ ಅಕ್ಟೋಬರ್‌ನಲ್ಲಿ, ಜಪ್ತಿ ಮನೆಗಳಿಂದ ಜನರನ್ನು ಹೊರಹಾಕುವ ಕೆಲಸವನ್ನು ನಮ್ಮ ಇಲಾಖೆ ಮಾಡುವುದಿಲ್ಲ ಅಂತ ನಿಲ್ಲಿಸಿಬಿಟ್ಟರು. ಒಳಗಿರುವವರು ಯಾರು ಅಂತ ಬ್ಯಾಂಕುಗಳು ವಿಚಾರಿಸುವುದೂ ಇಲ್ಲ ಅನ್ನುವುದು ಅವರ ದೂರು. ಕೋರ್ಟ್ ಆದೇಶ ಜಾರಿ ಮಾಡಬೇಕಾದ ಅಧಿಕಾರಿಯೇ ಹಾಗೆ ಅಂದರೆ ಯೋಚಿಸಿ. 2009ರ ಮೇ ತಿಂಗಳಲ್ಲಿ ಕೇಂದ್ರ ಕಾನೂನೇ ಬಂತು. ಅಂಥ ಬಾಡಿಗೆದಾರರಿಗೆ ಕನಿಷ್ಠ 90 ದಿನದ ನೋಟಿಸ್ ಕೊಡಲೇಬೇಕಾಯಿತು.

ನಮ್ಮವರ ಮಾತು ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿದ್ದವರಿಗೆ ಕೆಲಸ ಹೋದ ಮೇಲೆ ಉಳಿಯಲು ಆಗ 60 ದಿನದ ಗಡುವೂ ಇರಲಿಲ್ಲ, ಅದು ಬಂದದ್ದು 2017ರಲ್ಲಿ. ಹೀಗಾಗಿ ಮನೆಯನ್ನು ಹೇಗಿತ್ತೋ ಹಾಗೇ ಬಿಟ್ಟು ಬೆಂಗಳೂರಿನ ವಿಮಾನ ಹತ್ತಿದವರನ್ನು ನಾನೂ ಬಲ್ಲೆ.

ಈಗ ಬೀಗದ ಕೈ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ವಾಸದ ಮನೆ ಕೊಳ್ಳಲೆಂದೇ ಪಡೆದ ಮೊದಲ ಸಾಲವಾದರೆ, ಹೌದು, ಮನೆ ಹೋದರೆ ಅಲ್ಲಿಗೆ ಮುಗೀತು. ಉಳಿದ ಬಾಕಿಗೆ ಬ್ಯಾಂಕು ನಿಮ್ಮ ಸಂಬಳಕ್ಕೆ ಕೈ ಹಾಕುವಂತಿಲ್ಲ. ಆಮೇಲೆ ಅದೇ ಮನೆಯ ಮೇಲೆ ಕಾರಿಗೋ ಕಾಲೇಜು ಫೀಸಿಗೋ ಎತ್ತಿದ ಎರಡನೇ ಸಾಲಕ್ಕೆ ಆ ರಕ್ಷಣೆ ಇಲ್ಲ. ಫ್ಲಾರಿಡಾದಲ್ಲಿ ಮೊದಲ ಸಾಲಕ್ಕೂ ಇಲ್ಲ. ಹರಾಜಿನಲ್ಲಿ ಕಡಿಮೆ ಬಿದ್ದ ಮೊತ್ತಕ್ಕೆ ಬ್ಯಾಂಕು ಕೋರ್ಟಿಗೆ ಹೋಗಬಹುದು. ಇನ್ನು ಜಪ್ತಿಯಾದವರಿಗೆ ಹೊಸ ಸಾಲ ಸಿಗಬೇಕಾದರೆ ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ ಸಾಮಾನ್ಯವಾಗಿ ಏಳು ವರ್ಷ, ಸರ್ಕಾರಿ ಖಾತರಿಯ ಎಫ್‌ಎಚ್‌ಎ ಸಾಲಕ್ಕೆ ಮೂರು ವರ್ಷ ಕಾಯಬೇಕು. ಕಾದು ಮರಳಿ ಕೊಂಡವರಿದ್ದಾರೆ. ಕಾಯುವಷ್ಟರಲ್ಲಿ ಬೆಲೆ ಕೈಮೀರಿದವರೂ ಇದ್ದಾರೆ. ಸ್ವಂತ ಮನೆಯಲ್ಲಿರುವ ಕುಟುಂಬಗಳು 2004ರಲ್ಲಿ ನೂರಕ್ಕೆ 69 ಇದ್ದದ್ದು 2016ಕ್ಕೆ 63ಕ್ಕೆ ಇಳಿದಿತ್ತು. ಕಪ್ಪು ಜನರಲ್ಲಿ 49ರಿಂದ ಸುಮಾರು 42ಕ್ಕೆ.

ಸ್ಪೇನ್ ಇನ್ನೂ ಕಠಿಣ. ಅಲ್ಲೂ ಅದೇ ಹೊತ್ತಿಗೆ ಕುಸಿತ. ಮನೆ ಬ್ಯಾಂಕಿಗೆ ಹೋದರೂ ಉಳಿದ ಸಾಲ ಸಾಲವೇ. ಮಕ್ಕಳ ಸಾಲಕ್ಕೆ ಅಪ್ಪ ಅಮ್ಮ ತಮ್ಮ ಮನೆಯನ್ನೇ ಜಾಮೀನು ಕೊಟ್ಟಿದ್ದ ಕಡೆ, ವಾಪಸ್ ಹೋಗೋಣ ಅಂದರೆ ಆ ಮನೆಯೂ ಹೋಗಿತ್ತು. 2009ರಲ್ಲಿ ಬಾರ್ಸಿಲೋನಾದಲ್ಲಿ ಸಾಲಗಾರರೇ ಸಂಘ ಕಟ್ಟಿಕೊಂಡರು. ಜಪ್ತಿಗೆ ಬಂದವರಿಗೆ ಬಾಗಿಲಲ್ಲಿ ಅಡ್ಡ ನಿಂತರು. ಬ್ಯಾಂಕುಗಳು ಖಾಲಿ ಇಟ್ಟಿದ್ದ ಫ್ಲಾಟುಗಳಿಗೆ ಕುಟುಂಬಗಳನ್ನು ನುಗ್ಗಿಸಿ ಕೂರಿಸಿದರು. ಆ ಸಂಘದ ಮುಂದಾಳು ಅಡಾ ಕೊಲಾವ್ 2015ರಲ್ಲಿ ಬಾರ್ಸಿಲೋನಾದ ಮೇಯರ್ ಆದರು.

ನಮ್ಮ ಕಾನೂನು ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ಸ್ಪೇನಿಗೇ ಹತ್ತಿರ. ನಿಮಗೆ ಗೊತ್ತಿರುವುದೇ, ಬೇರೆ ಓದುಗರಿಗಾಗಿ ಹೇಳುತ್ತಿದ್ದೇನೆ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಕೃಷಿ ಜಮೀನು ಮಾತ್ರ ಇದರಿಂದ ಹೊರಗೆ. ಹರಾಜಿನಲ್ಲಿ ಬಾಕಿ ತೀರದಿದ್ದರೆ ಉಳಿದದ್ದಕ್ಕೆ ಸಾಲಗಾರನ ಹಿಂದೆ ಬೀಳಬಹುದು, ಜಾಮೀನು ಹಾಕಿದವನನ್ನೂ ಹಿಡಿಯಬಹುದು. ಹಾಗಾಗಿ ಬೀಗದ ಕೈ ಮೇಜಿನ ಮೇಲಿಟ್ಟು ಎದ್ದು ಹೋಗುವುದು ನಮ್ಮಲ್ಲಿ ನಡೆಯುವುದಿಲ್ಲ.

ಅಂದ ಹಾಗೆ, ವಸೂಲಿಗೆ ಹೋದವರು ನೀವು. ಬಾಗಿಲಿನ ಆಚೆ ಕಡೆಯಿಂದ ನೋಡಿದವರ ಬರಹ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಮನೆ ಖಾಲಿ ಮಾಡಿದವರು ಯಾವ ಊರಿಗೆ, ಯಾರ ಮನೆಗೆ ಹೋದರು ಅಂತ ನೆನಪಿದ್ದಷ್ಟು ಬರೆದು ಕಳಿಸಿ. ಹೆಸರು, ವಿಳಾಸ, ಬ್ಯಾಂಕಿನ ಶಾಖೆ ಯಾವುದೂ ಬೇಡ. ಸಾವಿರ ಪದದೊಳಗಿದ್ದರೆ ಮುಂದಿನ ಸಂಚಿಕೆಗೇ ಹಾಕುತ್ತೇನೆ.