ಹೆರಿಗೆಯ ನಂತರದ ರಕ್ತಸ್ರಾವ: 500 ಮಿಲಿ ಇದ್ದದ್ದು 300 ಆಗಿದ್ದು ಯಾಕೆ, ಡ್ರೇಪ್ ಹಾಕೋದು ಹೇಗೆ?

ನೀವು ಬೆಂಗಳೂರಿನ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಅಂತ ಬರೆದಿದ್ದೀರಿ. ಕೇಳಿರೋದು ಮೂರು ವಿಷಯ. ಪಿಪಿಎಚ್ (ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ) ಅಂದರೆ 500 ಮಿಲಿ ಅಂತ ಓದಿಕೊಂಡು ಬಂದವರಿಗೆ ಈಗ 300 ಅಂತ ಯಾಕೆ ಹೇಳ್ತಿದ್ದಾರೆ? ಸ್ಟೋರ್‌ನಲ್ಲಿ ಬಿದ್ದಿರೋ ಅಳತೆ ಗೆರೆಯ ಡ್ರೇಪನ್ನು (ರಕ್ತ ಹಿಡಿದು ಅಳೆಯೋ ಚೀಲವಿರುವ ಪ್ಲಾಸ್ಟಿಕ್ ಹಾಳೆಯನ್ನು) ಸರಿಯಾಗಿ ಹಾಕೋದು ಹೇಗೆ? ಡ್ಯೂಟಿ ಡಾಕ್ಟರ್ ಬರೋಕೆ ಮೊದಲೇ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ ಶುರು ಮಾಡಬಹುದಾ?

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಹತ್ತು ವರ್ಷದ ಸಂಶೋಧನೆಯಲ್ಲಿ ಪವಾಡದ ಔಷಧಿ ಯಾವುದೂ ಸಿಕ್ಕಿಲ್ಲ. ಗರ್ಭಕೋಶವನ್ನು ಗಟ್ಟಿ ಮಾಡೋ ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್, ಮಸಾಜ್ ಎಲ್ಲ ಹಳೆಯವೇ. ಬದಲಾಗಿರೋದು ಎರಡು: ರಕ್ತವನ್ನು ಅಂದಾಜು ಮಾಡದೆ ಅಳೆಯೋದು, ಒಂದು ಕೊಟ್ಟು ನೋಡಿ ಆಮೇಲೆ ಇನ್ನೊಂದು ಅನ್ನೋ ಬದಲು ಎಲ್ಲವನ್ನೂ ಒಟ್ಟಿಗೆ ಶುರು ಮಾಡೋದು.

300ರ ವಿಷಯಕ್ಕೆ ಬರೋಣ. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ ಮತ್ತು ಸೂಲಗಿತ್ತಿಯರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಹೊಸ ಮಾರ್ಗಸೂಚಿ ಹೊರಡಿಸಿದವು. ಸಹಜ ಹೆರಿಗೆಯಲ್ಲಿ 500 ಮಿಲಿ ಆದರೆ ಚಿಕಿತ್ಸೆ ಅನ್ನೋದು ಹಾಗೇ ಉಳಿದಿದೆ. ಜೊತೆಗೆ, 300 ಮಿಲಿ ದಾಟಿದ್ದು ನಾಡಿ ಅಥವಾ ಬಿಪಿ ಕೆಟ್ಟಿದ್ದರೂ ಅಷ್ಟಕ್ಕೇ ಶುರು ಮಾಡಬೇಕು. ಕೆಟ್ಟಿದೆ ಅಂದರೆ ನಾಡಿ 100ಕ್ಕಿಂತ ಮೇಲೆ, ಅಥವಾ ಮೇಲಿನ ಬಿಪಿ 100ಕ್ಕಿಂತ ಕೆಳಗೆ, ಅಥವಾ ಕೆಳಗಿನ ಬಿಪಿ 60ಕ್ಕಿಂತ ಕೆಳಗೆ, ಅಥವಾ ಶಾಕ್ ಇಂಡೆಕ್ಸ್ (ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದ್ದು) 1ಕ್ಕಿಂತ ಹೆಚ್ಚು. ಶಾಕ್ ಇಂಡೆಕ್ಸ್‌ಗೆ ಕ್ಯಾಲ್ಕುಲೇಟರ್ ಬೇಡ. ನಾಡಿಯ ಸಂಖ್ಯೆ ಮೇಲಿನ ಬಿಪಿಗಿಂತ ದೊಡ್ಡದಾಗಿದೆಯಾ ನೋಡಿ, ಅಷ್ಟೇ. ನಾಡಿ 112, ಬಿಪಿ 104/70 ಇದ್ದರೆ ಬಿಪಿ ನೋಡಿ ಸಮಾಧಾನ ಪಟ್ಟುಕೊಳ್ಳೋರೇ ಹೆಚ್ಚು. ಆದರೆ ಆ ಬಾಣಂತಿ ಆಗಲೇ ಗೆರೆ ದಾಟಿರ್ತಾಳೆ.

ಈ ಗೆರೆ ಎಳೆಯೋಕೆ ಮೂರು ಲಕ್ಷಕ್ಕೂ ಹೆಚ್ಚು ಬಾಣಂತಿಯರ ಮಾಹಿತಿ ಒಟ್ಟುಗೂಡಿಸಿ ನೋಡಿದ್ದಾರೆ. ಬರೀ 500ಕ್ಕೆ ಕಾದರೆ, ಮುಂದೆ ಸಾಯುವ ಅಥವಾ ತೀರಾ ಗಂಭೀರವಾಗುವ ತಾಯಂದಿರಲ್ಲಿ ಸುಮಾರು ಕಾಲು ಭಾಗ ಕೈತಪ್ಪಿ ಹೋಗ್ತಾರೆ. ಬರೀ 300 ಇಟ್ಟುಕೊಂಡರೆ ಏನೂ ಆಗದವರಿಗೂ ಔಷಧಿ ಹೋಗುತ್ತೆ. ಎರಡನ್ನೂ ಸೇರಿಸಿದಾಗ ಕೈತಪ್ಪೋರು ಕಡಿಮೆ, ಸುಮ್ಮನೆ ಚಿಕಿತ್ಸೆ ಪಡೆಯೋರೂ ತಕ್ಕಮಟ್ಟಿಗೆ ಕಡಿಮೆ. ನಮ್ಮಲ್ಲಿ ಇದು ಇನ್ನೂ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು ಶೇ 45 ಮಂದಿಗೆ ರಕ್ತಹೀನತೆ ಇದೆ. 45 ಕೆಜಿ ತೂಕದ, ಹಿಮೋಗ್ಲೋಬಿನ್ 8 ಇರೋ ಹೆಣ್ಣುಮಗಳಿಗೆ 400 ಮಿಲಿ ಹೋಗೋದೂ, 65 ಕೆಜಿಯ, ಹಿಮೋಗ್ಲೋಬಿನ್ 12 ಇರೋ ಹೆಣ್ಣುಮಗಳಿಗೆ 400 ಹೋಗೋದೂ ಒಂದೇ ಅಲ್ಲ. ತಾಯಿ ಕಾರ್ಡ್‌ನಲ್ಲಿ ಕೊನೆಯ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಲೇಬರ್ ರೂಮಿನ ಬೋರ್ಡ್ ಮೇಲೆ ಹೆಸರಿನ ಪಕ್ಕದಲ್ಲೇ ಬರೆದುಬಿಡಿ.

ಇನ್ನು ಡ್ರೇಪ್. ಇದನ್ನು ಹೊರದೇಶದ ಸಾಮಾನು ಅಂದುಕೊಳ್ಳಬೇಡಿ. ಅಳತೆ ಗೆರೆಯ ಡ್ರೇಪನ್ನು ಬೆಳೆಸಿ ಬಳಸಿದ ಮೊದಲ ದೊಡ್ಡ ಕೆಲಸ ಆಗಿದ್ದು ನಮ್ಮ ಬೆಳಗಾವಿಯಲ್ಲೇ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು (ಜೆಎನ್‌ಎಂಸಿ) ಅಮೆರಿಕದ ಸಂಶೋಧಕರ ಜೊತೆ ಸೇರಿ, ಹಳ್ಳಿಯ ಎಎನ್‌ಎಂಗಳ (ಸಹಾಯಕ ನರ್ಸ್-ಸೂಲಗಿತ್ತಿಯರ) ಕೈಯಲ್ಲಿ ರಕ್ತಸ್ರಾವ ತಡೆಯೋ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡಿಸಿ ಮಾಡಿದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 1,620 ಹೆಂಗಸರು ಅದರಲ್ಲಿದ್ದರು. ಪಿಪಿಎಚ್ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಅದೇ ತಂಡ ಕಣ್ಣಂದಾಜನ್ನೂ ಡ್ರೇಪ್ ಅಳತೆಯನ್ನೂ ಹೋಲಿಸಿದಾಗ, ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ಬಂತು. ಇದು ಅನುಭವ ಇಲ್ಲದವರ ತಪ್ಪು ಅಲ್ಲ. ಬಟ್ಟೆ, ಪ್ಯಾಡ್, ಮಂಚದ ಕೆಳಗಿನ ಬಕೆಟ್ ಅಂತ ಮೂರು ಕಡೆ ಹಂಚಿಹೋದ ರಕ್ತವನ್ನು ಯಾರ ಕಣ್ಣೂ ಸರಿಯಾಗಿ ಕೂಡಿಸೋಲ್ಲ.

ಹಾಕೋ ಸಮಯ: ಮಗು ಹೊರಬಂದ ತಕ್ಷಣ. ಮೊದಲೇ ಹಾಕಿಟ್ಟರೆ ಗರ್ಭಜಲ ಚೀಲಕ್ಕೆ ಇಳಿದು ಲೆಕ್ಕವೆಲ್ಲ ಹಾಳು. ಮಗುವನ್ನು ತಾಯಿಯ ಎದೆ ಮೇಲೆ ಮಲಗಿಸಿ ಒಬ್ಬರು ಒರೆಸುತ್ತಿರುವಾಗ ಇನ್ನೊಬ್ಬರು ತಾಯಿಗೆ ಸೊಂಟ ಸ್ವಲ್ಪ ಎತ್ತಲು ಹೇಳಿ ಹಾಳೆಯನ್ನು ಪೃಷ್ಠದ ಕೆಳಗೆ ಜಾರಿಸಿ. ದಾರ ಇದ್ದರೆ ಹೊಟ್ಟೆ ಮೇಲೆ ತಂದು ಕಟ್ಟಿ, ಇಲ್ಲದಿದ್ದರೆ ತಾಯಿ ಸ್ವಲ್ಪ ಅಲುಗಿದರೂ ಅದು ಜಾರುತ್ತೆ. ತಲೆಯ ಕಡೆ ಮಂಚ ತುಸು ಎತ್ತರಿಸಿ. ಮಟ್ಟಸವಾಗಿದ್ದರೆ ರಕ್ತ ಬೆನ್ನಿನ ಕೆಳಗೆ ಹೋಗಿ ನಿಲ್ಲುತ್ತೆ, ಚೀಲದಲ್ಲಿ ಬರೀ 150 ಕಾಣ್ತಿರುತ್ತೆ. ಚೀಲ ಮಂಚದ ಅಂಚಿನಿಂದ ನೇರವಾಗಿ ಕೆಳಗೆ ತೂಗಬೇಕು. ಮಂಚದ ಮೇಲೇ ಮಡಚಿಕೊಂಡಿದ್ದರೆ ಅದು ಬರೀ ಪ್ಲಾಸ್ಟಿಕ್ ಹಾಳೆ. ಓದುವಾಗ ಬಗ್ಗಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡು ಓದಿ. ಹಾಳೆಯ ಮಡಿಕೆಯಲ್ಲಿ ಕೂತಿರೋ ಗಡ್ಡೆಗಳನ್ನು ಕೈಯಿಂದ ಚೀಲದೊಳಕ್ಕೆ ತಳ್ಳಿದ ಮೇಲೆ ಓದಿ.

ಚೀಲಕ್ಕೆ ಹಾಕಬಾರದ್ದು: ಮಾಸು, ಗಾಜ್, ಹತ್ತಿ. ಅವು ಮಟ್ಟ ಏರಿಸುತ್ತವೆ. ಮಾಸಿನ ಬೇಸಿನ್‌ನಲ್ಲಿ ಉಳಿದ ರಕ್ತವನ್ನು ಬೇರೆ ಅಳೆದು ಕೂಡಿಸಿ. ನೆಂದ ಗಾಜ್, ಪ್ಯಾಡ್‌ಗಳನ್ನು ಅಡುಗೆಮನೆ ತಕ್ಕಡಿಯಂಥ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಒಣ ತೂಕ ಕಳೆಯಿರಿ. 1 ಗ್ರಾಂ ಅಂದರೆ 1 ಮಿಲಿ ಅಂದುಕೊಂಡರೆ ಸಾಕು. ನಿಮ್ಮಲ್ಲಿ ಬಳಸೋ ಪ್ಯಾಡ್‌ನ ಒಣ ತೂಕವನ್ನು ತಕ್ಕಡಿ ಮೇಲೇ ಬರೆದು ಅಂಟಿಸಿ. ಡ್ರೇಪ್ ಖಾಲಿಯಾದ ದಿನ ಈ ತಕ್ಕಡಿಯೇ ಗತಿ. ಎಪಿಸಿಯಾಟಮಿ (ಹೆರಿಗೆಗೆ ದಾರಿ ಅಗಲಿಸಲು ಕೊಯ್ದ) ಗಾಯದ ರಕ್ತವೂ ರಕ್ತವೇ. "ಅದು ಹೊಲಿಗೆಯದು" ಅಂತ ಕಳೆಯಬೇಡಿ.

ಇನ್ನೊಂದು ಸಾಮಾನ್ಯ ತಪ್ಪು, ಹೊಲಿಗೆ ಮುಗೀತು ಅಂತ ಡ್ರೇಪ್ ತೆಗೆದು ಪ್ಯಾಡ್ ಇಟ್ಟುಬಿಡೋದು. ಕನಿಷ್ಠ ಒಂದು ಗಂಟೆ ಇರಲಿ, ಸೋರಿಕೆ ನಿಲ್ಲದಿದ್ದರೆ ಇನ್ನೂ ಹೊತ್ತು. ಆ ಗಂಟೆಯಲ್ಲಿ 15 ನಿಮಿಷಕ್ಕೊಮ್ಮೆ ಐದು ವಿಷಯ ಬರೆಯಬೇಕು: ಚೀಲದ ಅಳತೆ, ಹರಿವು ಹೇಗಿದೆ, ಗರ್ಭಕೋಶ ಗಟ್ಟಿಯಾ ಮೆತ್ತಗಾ, ನಾಡಿ, ಬಿಪಿ. ಗಂಟೆ ಮುಗಿದ ಮೇಲೆ ನಾಲ್ಕು ಸಲದ ಲೆಕ್ಕವನ್ನೂ ಒಟ್ಟಿಗೆ ಒಂದೇ ಪೆನ್ನಲ್ಲಿ ತುಂಬಿಸೋ ಚಾರ್ಟ್ ಯಾವುದು ಅಂತ ನೋಡಿದರೇ ಗೊತ್ತಾಗುತ್ತೆ, ಹೆಚ್ಚು ಹೇಳೋಲ್ಲ.

ಎಲ್ಲವನ್ನೂ ಒಟ್ಟಿಗೆ ಅಂದೆನಲ್ಲ, ಅದಕ್ಕೆ ಆಧಾರ ಇ-ಮೋಟಿವ್ ಅಧ್ಯಯನ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯಾದ 2 ಲಕ್ಷ 10 ಸಾವಿರ ಹೆಂಗಸರ ಮೇಲೆ ನಡೆದು 2023ರ ಮೇನಲ್ಲಿ ಪ್ರಕಟವಾಯಿತು. ಒಂದು ಲೀಟರ್ ದಾಟಿದ ರಕ್ತಸ್ರಾವ, ರಕ್ತಸ್ರಾವಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ರಕ್ತಸ್ರಾವದಿಂದ ಸಾವು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹಳೆಯ ರೀತಿಯಲ್ಲಿ ಶೇ 4.3, ಹೊಸ ರೀತಿಯಲ್ಲಿ ಶೇ 1.6. ನನಗೆ ಇದಕ್ಕಿಂತ ಮುಖ್ಯ ಅನಿಸೋದು ಬೇರೆ ಎರಡು ಅಂಕಿ. ಹಳೆಯ ರೀತಿಯಲ್ಲಿ ಪಿಪಿಎಚ್ ಆದವರಲ್ಲಿ ಅರ್ಧದಷ್ಟು ಮಂದಿಗೆ ಅದು ಆಗಿದೆ ಅಂತಲೇ ಯಾರೂ ಗುರುತಿಸಿರಲಿಲ್ಲ. ಡ್ರೇಪ್ ಇದ್ದ ಕಡೆ ಶೇ 93 ಮಂದಿಯದು ಪತ್ತೆಯಾಯಿತು. ಪೂರ್ತಿ ಚಿಕಿತ್ಸೆ ಸಿಕ್ಕವರು ಶೇ 19 ಇದ್ದದ್ದು ಶೇ 91ಕ್ಕೆ ಏರಿತು. ಸಿಸೇರಿಯನ್ ಈ ಅಧ್ಯಯನದಲ್ಲಿ ಇರಲಿಲ್ಲ, ಹಾಗಾಗಿ ಈ ಅಂಕಿಗಳನ್ನು ಥಿಯೇಟರ್‌ಗೆ ಎಳೆಯಬೇಡಿ.

ಅಲ್ಲಿ ಮಾಡಿದ್ದನ್ನು ನಮ್ಮ ಆಂಪೂಲ್‌ಗಳ ಲೆಕ್ಕದಲ್ಲಿ ಹೇಳ್ತೀನಿ. ಗರ್ಭಕೋಶವನ್ನು ಗಟ್ಟಿಯಾಗುವವರೆಗೆ, ಅಥವಾ ಒಂದು ನಿಮಿಷ ಮಸಾಜ್ ಮಾಡಿ. ನೋವಾಗುತ್ತೆ ಅಂತ ತಾಯಿಗೆ ಹೇಳಿ ಮಾಡಿ. ಮೂತ್ರಕೋಶ ತುಂಬಿದ್ದರೆ ಎಷ್ಟು ತಿಕ್ಕಿದರೂ ಗರ್ಭಕೋಶ ಮತ್ತೆ ಮೆತ್ತಗಾಗುತ್ತೆ, ಕ್ಯಾಥೆಟರ್ ಹಾಕಿ ಖಾಲಿ ಮಾಡಿ. ಅಷ್ಟರಲ್ಲಿ ಇನ್ನೊಬ್ಬರು 16 ಅಥವಾ 18 ಗೇಜ್ ಕ್ಯಾನುಲಾ ಹಾಕಿ 10 ಯೂನಿಟ್ ಆಕ್ಸಿಟೋಸಿನ್, ಅಂದರೆ 5 ಯೂನಿಟ್‌ನ ಎರಡು ಆಂಪೂಲ್, 200ರಿಂದ 500 ಮಿಲಿ ಸಲೈನ್‌ನಲ್ಲಿ 10 ನಿಮಿಷಕ್ಕೆ ಹರಿಸಬೇಕು. ಮಗು ಹುಟ್ಟಿದಾಗ ಸ್ನಾಯುವಿಗೆ ಕೊಟ್ಟ 10 ಯೂನಿಟ್ ತಡೆಗೆ, ಇದು ಚಿಕಿತ್ಸೆಗೆ. ಅದಾದ ಮೇಲೆ 20 ಯೂನಿಟ್ ಒಂದು ಲೀಟರ್‌ನಲ್ಲಿ 4 ಗಂಟೆ. ನಮ್ಮಲ್ಲಿ 500ರ ಬಾಟಲಿಯೇ ಹೆಚ್ಚು, ಹಾಗಾಗಿ ಬಾಟಲಿಗೆ ಎರಡು ಆಂಪೂಲ್, ಒಂದೊಂದೂ ಎರಡೆರಡು ಗಂಟೆ. 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 83 ಹನಿ. ಆಕ್ಸಿಟೋಸಿನ್ ಅನ್ನು ಬೆರೆಸದೆ ರಕ್ತನಾಳಕ್ಕೆ ರಭಸವಾಗಿ ತಳ್ಳಿದರೆ ಬಿಪಿ ಕುಸಿಯುತ್ತೆ, ಮೊದಲೇ ರಕ್ತ ಹೋದವಳಿಗೆ ಅದು ತಡೆಯೋಲ್ಲ. ಬಿಪಿ ಕಾಯಿಲೆ, ಪ್ರೀ-ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರುವ ತೊಂದರೆ) ಅಥವಾ ತೀವ್ರ ರಕ್ತಹೀನತೆ ಇದ್ದವರಿಗೆ ಮೊದಲ ಡೋಸಿನ ದ್ರವವನ್ನು 200ಕ್ಕೇ ನಿಲ್ಲಿಸೋದು ಒಳ್ಳೆಯದು. ಇಲ್ಲದಿದ್ದರೆ ಶ್ವಾಸಕೋಶಕ್ಕೆ ನೀರು ತುಂಬೋ ಅಪಾಯ ಇದೆ. ಗರ್ಭಕೋಶ ಗಟ್ಟಿ ಮಾಡೋ ಇತರ ಔಷಧಿಗಳಲ್ಲಿ, ಬಿಪಿ ಕಾಯಿಲೆ ಅಥವಾ ಪ್ರೀ-ಎಕ್ಲಾಂಪ್ಸಿಯಾ ಇದ್ದವರಿಗೆ ಮೀಥೈಲ್ ಎರ್ಗೊಮೆಟ್ರಿನ್ ಬೇಡ, ಆಸ್ತಮಾ ಇದ್ದವರಿಗೆ ಕಾರ್ಬೊಪ್ರೋಸ್ಟ್ ಬೇಡ.

ಟ್ರಾನೆಕ್ಸಾಮಿಕ್ 1 ಗ್ರಾಂ, 500 ಮಿಗ್ರಾಂನ ಎರಡು ಆಂಪೂಲ್. ಒಟ್ಟು 10 ಮಿಲಿಯನ್ನು ನಿಮಿಷಕ್ಕೆ 1 ಮಿಲಿಯಂತೆ ನಿಧಾನವಾಗಿ, ಅಥವಾ 100 ಮಿಲಿ ಸಲೈನ್‌ನಲ್ಲಿ 10 ನಿಮಿಷಕ್ಕೆ. "ಆಕ್ಸಿಟೋಸಿನ್ ಕೆಲಸ ಮಾಡಲಿಲ್ಲ ಅಂದರೆ ಕೊಡೋಣ" ಅನ್ನೋದು ಹಳೆಯ ಮಾತು. 2017ರ ವುಮನ್ ಅಧ್ಯಯನದಲ್ಲಿ, 20 ಸಾವಿರ ಹೆಂಗಸರಲ್ಲಿ, ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟಾಗ ರಕ್ತಸ್ರಾವದ ಸಾವು ಶೇ 1.7ರಿಂದ 1.2ಕ್ಕೆ ಇಳಿಯಿತು. ನಂತರದ ವಿಶ್ಲೇಷಣೆಯಲ್ಲಿ ಪ್ರತಿ 15 ನಿಮಿಷ ತಡಕ್ಕೂ ಲಾಭ ಸುಮಾರು ಶೇ 10 ಕರಗುತ್ತೆ ಅಂತ ಕಂಡಿತು, 3 ಗಂಟೆ ದಾಟಿದರೆ ಲಾಭವೇ ಇಲ್ಲ. 30 ನಿಮಿಷದ ನಂತರವೂ ಹರೀತಿದ್ದರೆ, ಅಥವಾ 24 ಗಂಟೆಯೊಳಗೆ ಮತ್ತೆ ಶುರುವಾದರೆ, ಇನ್ನೊಂದು ಗ್ರಾಂ. ಹಾಗಂತ ರಕ್ತ ಹರಿಯೋಕೆ ಮೊದಲೇ, ರಕ್ತಹೀನತೆ ಇದೆ ಅಂತ ಎಲ್ಲರಿಗೂ ಕೊಡೋದರಿಂದ ಪ್ರಯೋಜನ ಇಲ್ಲ. 2023ರ ವುಮನ್-2 ಅದನ್ನೇ ಪರೀಕ್ಷಿಸಿತು, ಪಿಪಿಎಚ್ ಕಡಿಮೆಯಾಗಲಿಲ್ಲ.

ನರ್ಸ್ ಕೊಡಬಹುದಾ ಅಂದರೆ, ಇ-ಮೋಟಿವ್‌ನಲ್ಲಿ ಮೊದಲ ಕ್ರಮ ತೆಗೆದುಕೊಂಡವರು ಬಹುಪಾಲು ಸೂಲಗಿತ್ತಿ ನರ್ಸ್‌ಗಳೇ. ನಿಮ್ಮಲ್ಲಿ ಬೇಕಿರೋದು ನಿಮ್ಮ ಪ್ರಸೂತಿ ತಜ್ಞರು ಸಹಿ ಹಾಕಿದ ಸ್ಟ್ಯಾಂಡಿಂಗ್ ಆರ್ಡರ್: ಯಾವ ಅಳತೆಗೆ, ಯಾವ ಔಷಧಿ, ಎಷ್ಟು, ಯಾರಿಗೆ ಕೊಡಬಾರದು. ಒಂದು ಪುಟ ಸಾಕು, ಲೇಬರ್ ರೂಮಿನ ಗೋಡೆ ಮೇಲೆ ಇರಲಿ. ಫೋನ್‌ನಲ್ಲಿ ಕೇಳಿಕೊಂಡು ಕೊಟ್ಟು ಆಮೇಲೆ ಬರೆಸಿಕೊಳ್ಳೋದನ್ನು ನಂಬಬೇಡಿ. ಫ್ರಿಜ್‌ನಲ್ಲಿಡೋ ಆಕ್ಸಿಟೋಸಿನ್ ಬಿಟ್ಟು ಉಳಿದ ಸಾಮಾನೆಲ್ಲ ಒಂದೇ ಡಬ್ಬಿಯಲ್ಲಿರಲಿ, ಬೀರುವಿನ ಕೀ ಹುಡುಕೋದರಲ್ಲೇ ಹತ್ತು ನಿಮಿಷ ಹೋಗುತ್ತೆ. ಆದರೆ ಟ್ರಾನೆಕ್ಸಾಮಿಕ್ ಆಂಪೂಲ್ ಮಾತ್ರ ಸ್ಪೈನಲ್ ಅನಸ್ತೇಸಿಯಾಕ್ಕೆ ಬೆನ್ನಿಗೆ ಕೊಡೋ ಬುಪಿವಕೇನ್ ಹತ್ತಿರ ಇರಲೇಬಾರದು. ನೋಡೋಕೆ ಒಂದೇ ಥರ ಇರೋದರಿಂದ ಬೆನ್ನಿಗೆ ಹೋಗಿ ಸಾವುಗಳಾಗಿವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ.

ಆಕ್ಸಿಟೋಸಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಟ್ರೇಯಲ್ಲಿ ಬೆಳಗ್ಗೆಯಿಂದ ಇಟ್ಟ ಆಂಪೂಲ್ ಮತ್ತೆ ಮತ್ತೆ ಒಳಗೂ ಹೊರಗೂ ಓಡಾಡಿದರೆ ಶಕ್ತಿ ಕಳೆದುಕೊಳ್ಳುತ್ತೆ. ಫ್ರಿಜ್ ನಂಬೋಕಾಗದ ಕಡೆಗೆ ಆಕ್ಸಿಟೋಸಿನ್ ಥರವೇ ಕೆಲಸ ಮಾಡೋ, ಶಾಖ ತಡೆದುಕೊಳ್ಳುವ ಕಾರ್ಬೆಟೋಸಿನ್ 100 ಮೈಕ್ರೋಗ್ರಾಂ ಇದೆ. 2018ರಲ್ಲಿ ಭಾರತವೂ ಸೇರಿ 10 ದೇಶಗಳ ಅಧ್ಯಯನದಲ್ಲಿ 500 ಮಿಲಿ ದಾಟುವುದನ್ನು ತಡೆಯೋದರಲ್ಲಿ ಅದು ಆಕ್ಸಿಟೋಸಿನ್‌ಗೆ ಸಮನಾಗಿತ್ತು. ಆದರೆ ಅದು ತಡೆಗೆ ಮಾತ್ರ. ಹೆರಿಗೆ ನೋವು ಬರಿಸೋಕೆ ಅದನ್ನು ಯಾವತ್ತೂ ಬಳಸಬಾರದು.

ಔಷಧಿ ಹರೀತಿರುವಾಗಲೇ ಪರೀಕ್ಷೆ ಆಗಬೇಕು: ಮಾಸು ಪೂರ್ತಿ ಬಂದಿದೆಯಾ, ಒಳಗೆ ಗಡ್ಡೆ ಇದೆಯಾ, ಗರ್ಭದ್ವಾರ ಅಥವಾ ಯೋನಿ ಹರಿದಿದೆಯಾ. ಗರ್ಭಕೋಶ ಗಟ್ಟಿಯಿದ್ದೂ ತಿಳಿ ಕೆಂಪು ರಕ್ತ ಒಂದೇ ಸಮನೆ ಬರ್ತಿದ್ದರೆ ಮೊದಲು ಹರಿದ ಜಾಗ ಹುಡುಕಿ. ನಿಮ್ಮಲ್ಲಿ ರಕ್ತವೂ ಥಿಯೇಟರೂ ಇಲ್ಲ ಅಂದರೆ, ಮೊದಲ ಆಕ್ಸಿಟೋಸಿನ್ ಮುಗಿಯುವಷ್ಟರಲ್ಲಿ ನಿಲ್ಲದಿದ್ದರೆ 108ಕ್ಕೆ ಫೋನ್ ಹೋಗಿರಬೇಕು. ವಾಣಿವಿಲಾಸ ಆಸ್ಪತ್ರೆಗೆ ಸಂಜೆ ಆರು ಗಂಟೆಗೆ ಮಾರ್ಕೆಟ್ ಕಡೆಯಿಂದ ಹೋಗೋ ದಾರಿಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಆ್ಯಂಬುಲೆನ್ಸ್ ಹತ್ತಿಸೋಕೆ ಮೊದಲು ಟ್ರಾನೆಕ್ಸಾಮಿಕ್ ಹೋಗಿರಲಿ, ಎರಡನೇ ಕ್ಯಾನುಲಾ ಇರಲಿ, ಶಾಕ್ ತಡೆಯುವ ಉಡುಪು ಇದ್ದರೆ ಕಾಲಿನ ಕಡೆಯಿಂದ ಮೇಲಕ್ಕೆ ಕಟ್ಟಿ. ಡ್ರೇಪ್ ತೆಗೆಯಬೇಡಿ. ರೆಫರಲ್ ಚೀಟಿಯಲ್ಲಿ "ತೀವ್ರ ರಕ್ತಸ್ರಾವ" ಅಂತ ಬರೆಯೋ ಬದಲು ಎಷ್ಟು ಮಿಲಿ, ಎಷ್ಟು ಗಂಟೆಗೆ, ಟ್ರಾನೆಕ್ಸಾಮಿಕ್ ಎಷ್ಟು ಹೊತ್ತಿಗೆ ಶುರುವಾಯಿತು, ರಕ್ತದ ಗುಂಪು ಯಾವುದು, ಕೊನೆಯ ನಾಡಿ, ಬಿಪಿ ಎಷ್ಟು ಅಂತ ಬರೆಯಿರಿ. ಅಲ್ಲಿಗೆ ಮೊದಲೇ ಫೋನ್ ಮಾಡಿ ಇದೇ ಅಂಕಿಗಳನ್ನು ಓದಿ ಹೇಳಿ.